ಹೆಸರು ಮುಚ್ಚಿದ ಹೊಟ್ಟೆ

"ಕೊಯ್ಯೋದು ಬೇಡ," ಎಂದರು ದೊಡ್ಡ ಡಾಕ್ಟರು.

ಆಸ್ಪತ್ರೆಯ ಕತ್ತಲು ಮಾಡಿದ್ದ ಸಭೆಯ ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಹೊಟ್ಟೆ ಕೊಯ್ದೇ ಹೆಸರು ಮಾಡಿದವರ ಬಾಯಿಂದ ಬಂದ ಮಾತಿದು. ರಜೆ ಮುಗಿಸಿ ಬಂದ ಅವರು, ದೀಪ ಆರಿದ ಮೇಲೆ ಒಳಬಂದು ಹಿಂದೆಲ್ಲೋ ಕೂತಿದ್ದರು.

ಪರದೆಯ ಮೇಲೆ ಸ್ಕ್ಯಾನು. ರೋಗಿಯ ಹೆಸರು ಮುಚ್ಚಿತ್ತು. ಅದು ದೊಡ್ಡ ಡಾಕ್ಟರದೇ ಕಟ್ಟಪ್ಪಣೆ. ಹೆಸರು ಕಂಡರೆ ಕನಿಕರ, ಕನಿಕರ ಹುಟ್ಟಿದರೆ ಕೈ ನಡುಕ ಎನ್ನುತ್ತಿದ್ದರು. ತೀರ್ಮಾನವಾಗುವವರೆಗೆ ರೋಗಿಯ ಮುಖ ನೋಡುವ ಪದ್ಧತಿಯೂ ಅಲ್ಲಿರಲಿಲ್ಲ.

ಮೇದೋಜೀರಕ ಗ್ರಂಥಿ ಊದಿತ್ತು. ಪಿತ್ತನಾಳ ಬಿಗಿದು ಕಾಮಾಲೆ.

"ಕ್ಯಾನ್ಸರ್ ಸಾರ್. ನಾಳೆನೇ ಪೂರ್ತಿ ತೆಗೆದುಬಿಡೋಣ," ಎಂದಳು ಅವರೇ ಪಳಗಿಸಿದ ಶಿಷ್ಯೆ.

"ಹಾಗೆ ಕಾಣತ್ತೆ ಅಷ್ಟೇ. ಮೈಯನ್ನ ಕಾಯೋ ಪಡೆನೇ ತಿರುಗಿಬಿದ್ದು ಗ್ರಂಥಿನ ಕಚ್ತಿರಬಹುದು. ದವಡೆ ಕೆಳಗೆ ಎರಡೂ ಕಡೆ ಊತ. ಕಣ್ಣು, ಬಾಯಿ ಒಣಗಿವೆ. ಕಿಡ್ನಿಲೂ ಮಚ್ಚೆ ಇದೆ ನೋಡು." ಅವರು ನೀರು ಗುಟುಕರಿಸಿದರು. "ಸೂಜಿ ಚುಚ್ಚಿ ತೆಗೆದ ಚೂರಲ್ಲಿ ಕ್ಯಾನ್ಸರ್ ಸಿಕ್ಕಿಲ್ಲ. ಎರಡು ವಾರ ಸ್ಟೀರಾಯ್ಡ್ ಮಾತ್ರೆ ಕೊಟ್ಟು ನೋಡೋಣ. ಊತ ಇಳಿಯತ್ತೆ."

"ಕಿಡ್ನಿನೂ ಸಾಕ್ಷಿಗೆ ಬಂತಾ ಸಾರ್? ಇನ್ನು ಮೊಣಕಾಲೊಂದು ಬಾಕಿ," ಎಂದಳು ಶಿಷ್ಯೆ.

ಕೋಣೆಯೆಲ್ಲ ನಗು.

"ಹೋದ ತಿಂಗಳು ಆ ಮೇಷ್ಟ್ರಿಗೂ ಹೀಗೇ ಇತ್ತು. ಗ್ರಂಥಿ ಪೂರ್ತಿ ತೆಗೆದು ನೋಡಿದ್ರೆ ಕ್ಯಾನ್ಸರೇ ಇರಲಿಲ್ಲ," ಎಂದರು ದೊಡ್ಡ ಡಾಕ್ಟರು.

"ಆಗ ನೀವೇನಂದ್ರಿ? 'ಬದುಕಿದ್ದಾನಲ್ಲ, ದಿನಾ ಇನ್ಸುಲಿನ್ ಚುಚ್ಕೊಂಡು ಇರ್ಲಿ ಬಿಡಿ' ಅಂದ್ರಿ. ನಾವೂ ನಕ್ಕಿದ್ವಿ."

ದೊಡ್ಡ ಡಾಕ್ಟರು ಇನ್ನೊಂದು ಗುಟುಕು ನೀರು ಕುಡಿದರು. ಕೊಯ್ಯುವ ಮುಂಚೆ ಆ ಮೇಷ್ಟ್ರು ಬೇಡಿಕೊಂಡಿದ್ದೂ ಎರಡೇ ವಾರದ ಸಮಯ.

"ಕೊಯ್ಯೋಣ ಅನ್ನೋರು ಕೈ ಎತ್ತಿ," ಎಂದಳು ಶಿಷ್ಯೆ.

ಒಂದು ಕೈ ಬಿಟ್ಟು ಎಲ್ಲವೂ ಮೇಲೆದ್ದವು. ಕೈ ಎತ್ತಿದ ಮೇಲೆ ಮರುಮಾತಿಲ್ಲ ಎಂಬ ನಿಯಮವನ್ನೂ ಅವರೇ ತಂದಿದ್ದರು.

"ವಯಸ್ಸಾಗ್ತಾ ಮನಸ್ಸು ಮೆತ್ತಗಾಗತ್ತೆ ಸಾರ್," ಸಮಾಧಾನ ಹೇಳುವವಳಂತೆ ಚುಚ್ಚಿದಳು. "ಆ ಯಪ್ಪನಿಗೆ ನಾನೇ ಹೇಳ್ತೀನಿ. ಯಾವ ವಾರ್ಡಲ್ಲಿದ್ದಾನೆ?"

"ಇಲ್ಲೇ ಇದ್ದಾನೆ, ಬಾಮ್ಮ," ಎಂದು ದೊಡ್ಡ ಡಾಕ್ಟರು ತಮ್ಮ ಅಂಗಿಯ ಗುಂಡಿ ಬಿಚ್ಚತೊಡಗಿದರು.