ತೆಗೆದಿಟ್ಟ ಎಲೆಗಳು

ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿದ್ದೇ ತಡ, ಅಕ್ಕ ತಂಗಿಯ ದಿಂಬಿನಡಿ ಕೈ ಹಾಕಿದಳು. ಶಕುನ ನೋಡುವ ಟ್ಯಾರೋ ಕಾರ್ಡಿನ ಕಟ್ಟು ಸಿಕ್ಕಿತು. ತಂಗಿಯ ಸ್ನಾನ ಬೇಗ ಮುಗಿಯುತ್ತದೆ, ಅಷ್ಟರೊಳಗೆ ಕೆಲಸ ಆಗಬೇಕು. ಊದಿದ ಬೆರಳುಗಳಿಂದ ಒಂದೊಂದೇ ಎಲೆ ಸರಿಸುತ್ತ, ನಗುಮುಖದವನ್ನೆಲ್ಲ ಹೆಕ್ಕಿ ತನ್ನ ಹೊಲಿಗೆ ಡಬ್ಬಿಯ ತಳಕ್ಕೆ ತುರುಕತೊಡಗಿದಳು.

ಸೂರ್ಯ ಹೋದ. ನಕ್ಷತ್ರ ಹೋಯಿತು. ಜೋಡಿಯಾಗಿ ನಿಂತ ಗಂಡು ಹೆಣ್ಣು, ಥೂ, ಮೈಮೇಲೆ ಬಟ್ಟೆಯೂ ಇಲ್ಲ, ಅವರೂ ಹೋದರು. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ನೀರು ಸುರಿಯುವ ರೆಕ್ಕೆಯವಳ ಮೇಲೆ ಬೆರಳು ತುಸು ತಡೆಯಿತು. ಆ ಮುಖದಲ್ಲಿ ಎಂಥದೋ ಸಮಾಧಾನ. ಸಮಾಧಾನ ಬೇಡವೇ ಬೇಡ, ಅದೂ ಡಬ್ಬಿಗೆ. ಕೊನೆಗೆ ಉಳಿದವರು ಬೆನ್ನಿಗೆ ಕತ್ತಿ ಚುಚ್ಚಿಸಿಕೊಂಡು ಬಿದ್ದವನು, ಸಿಡಿಲು ಬಡಿದ ಗೋಪುರ, ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು, ಕುದುರೆಯೇರಿದ ಎಲುಬಿನ ಗೂಡು, ಮತ್ತವರ ಬಳಗ. ಕಟ್ಟನ್ನು ದಿಂಬಿನಡಿ ಇಟ್ಟು, ಅಕ್ಕ ಕೈಯನ್ನು ಸೆರಗಿಗೆ ಗಸಗಸ ಒರೆಸಿಕೊಂಡಳು.

ಈ ಹುಚ್ಚು ಹತ್ತಿಸಿದವಳು ತಂಗಿ ಕೆಲಸ ಮಾಡುವ ಕನ್ನಡಕದ ಅಂಗಡಿಯ ಗೆಳತಿ. ಕಟ್ಟಿನ ಜೊತೆಗೊಂದು ಪುಟ್ಟ ಪುಸ್ತಕ ಬೇರೆ. ಹೊಸಬರು ದಿನಕ್ಕೊಂದೇ ಎಲೆ ತೆಗೆಯಬೇಕಂತೆ. ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕಂತೆ. ಎಲೆ ಭವಿಷ್ಯ ಹೇಳುವುದಿಲ್ಲವಂತೆ, ನಮ್ಮೊಳಗೆ ಇರುವುದನ್ನೇ ನಮಗೆ ತೋರಿಸುತ್ತದಂತೆ.

"ನಮ್ಮೊಳಗೆ ಇನ್ನೇನಿರುತ್ತೆ? ಕರುಳು, ಕಫ," ಎಂದು ಅಕ್ಕ ಮೂಗು ಮುರಿದಿದ್ದಳು. ತಂಗಿ ನಕ್ಕಿರಲಿಲ್ಲ.

ಪ್ರಶ್ನೆ ಬಾಯಿಬಿಟ್ಟು ಹೇಳದಿದ್ದರೇನಂತೆ? ಆ ಪ್ರಶ್ನೆಗೊಂದು ಮೀಸೆಯಿತ್ತು, ಹಾಸಿಗೆ ದಿಂಬು ಮಾರುವ ಅಂಗಡಿಯಿತ್ತು, ತಂಗಿಯನ್ನು ಮದುವೆಯಾಗುವ ಆತುರವಿತ್ತು. ಅಕ್ಕ ಅವನಿಗೆ ಜಿಗಣೆ ಎಂದು ಹೆಸರಿಟ್ಟಿದ್ದಳು.

ಜಿಗಣೆ ಕಾರಿನ ಕೀಲಿಯಿಂದ ಕಿವಿ ಕೆರೆದು ಅದನ್ನೇ ಮೂಸಿ ನೋಡುತ್ತಿದ್ದ. ಅವನ ಅಂಗೈ ಸದಾ ಒದ್ದೆ. "ಅಕ್ಕಾವ್ರೇ" ಎಂದರೆ ಸಾಕು, ಅವಳ ಬೆನ್ನಮೇಲೆ ಹಲ್ಲಿ ಬಿದ್ದ ಹಾಗಾಗುತ್ತಿತ್ತು. ಆದರೂ ರಕ್ತ ತೊಳೆಸಿಕೊಳ್ಳಲು ಆಸ್ಪತ್ರೆಗೆ ಹೋಗುವ ದಿನ ಅವನ ಕಾರೇ ಗತಿ, ಬಸ್ಸು ಹತ್ತಲು ಕಾಲು ಏಳುತ್ತಿರಲಿಲ್ಲ. ಅವನ ತಲೆಯೆಣ್ಣೆಯ ಘಾಟಿಗೆ ದಾರಿಯುದ್ದಕ್ಕೂ ಸೆರಗನ್ನು ಮೂಗಿಗೆ ಒತ್ತಿಕೊಂಡಿರುತ್ತಿದ್ದಳು.

ಅದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿತ್ತು. ಕಳೆದ ತಿಂಗಳು ಅವನು ತಂಗಿಯನ್ನು ಲ್ಯಾಬಿಗೆ ಕರೆದೊಯ್ದಿದ್ದ, ಒಂದು ಸಲವಲ್ಲ, ಮತ್ತೆ ಮತ್ತೆ. ಎರಡೂ ತೋಳಿಗೆ ಹತ್ತಿ ಅಂಟಿಸಿಕೊಂಡು ಬಂದ ತಂಗಿ, "ಮದ್ವೆಗೆ ಮುಂಚೆ ಎಲ್ಲಾ ನೋಡಿಸ್ಕೊಳ್ಳೋದು ಒಳ್ಳೇದಲ್ವಾ ಅಕ್ಕ," ಎಂದು ಬೇರೆಲ್ಲೋ ನೋಡಿದ್ದಳು. ಸಂತೆಯಲ್ಲಿ ದನದ ಹಲ್ಲು ಎಣಿಸಿ ಕೊಳ್ಳುವವನು! ಅಮ್ಮ ಸತ್ತ ಮೇಲೆ ಕಂಕುಳಲ್ಲಿ ಎತ್ತಿಕೊಂಡು ಸಾಕಿದ ಹುಡುಗಿಯನ್ನು ಇಂಥವನ ಕೈಗೆ ಕೊಡುವುದೇ?

ಅವಳು ಹೋದರೆ ತನಗ್ಯಾರಿದ್ದಾರೆ ಎಂಬ ಮಾತೂ ಒಳಗೆ ಇತ್ತು. ಅದು ತಲೆಯೆತ್ತಿದಾಗಲೆಲ್ಲ ಅಕ್ಕನಿಗೆ ತನ್ನ ಮೇಲೇ ಅಸಹ್ಯ ಹುಟ್ಟುತ್ತಿತ್ತು. ಅದಕ್ಕೂ ಸೇರಿಸಿ ಜಿಗಣೆಯನ್ನೇ ಬೈದುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ತಂಗಿ ಕಣ್ಣು ಮುಚ್ಚಿ ಎಲೆ ತೆಗೆದಳು. ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು. ಅದರ ಮರುದಿನ ಕತ್ತಿ ಚುಚ್ಚಿದ ಹೃದಯ. ಆಮೇಲೆ ಗೋಪುರ. ದಿನ ಹೋದಂತೆ ಅವಳ ಮುಖ ಇಳಿಯುತ್ತ ಬಂತು, ತಟ್ಟೆಯಲ್ಲಿ ಊಟ ಹಾಗೇ ಉಳಿಯಿತು. ಅಕ್ಕ ಗುಂಡಿ ಹೊಲಿಯುತ್ತ, ಏನೂ ಕಾಣದವಳಂತೆ ಕೂತಿದ್ದಳು.

ಆ ವಾರ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಜಿಗಣೆ ತಾನಾಗಿಯೇ ಬಾಯಿಬಿಟ್ಟ. "ನಾನು ಒತ್ತಾಯ ಮಾಡ್ತಿಲ್ಲ ಅಕ್ಕಾವ್ರೇ. ಹೂಂ ಅನ್ನೋದೂ ಊಹೂಂ ಅನ್ನೋದೂ ಅವಳಿಗೆ ಬಿಟ್ಟಿದ್ದು. ಮದ್ವೆ ಎಷ್ಟು ಮುಂದಕ್ಕೆ ಹೋದ್ರೂ ಕಾಯ್ತೀನಿ ಅಂದಿದೀನಿ." ಕಣ್ಣಲ್ಲಿ ನೀರು ಬೇರೆ. ಏನು ನಾಟಕವೋ ಮಾರಾಯ, ಎಂದುಕೊಂಡ ಅಕ್ಕ ಕಿಟಕಿಯ ಗಾಜು ಇಳಿಸಿದಳು.

ಭಾನುವಾರ ಬೆಳಿಗ್ಗೆ ಎಲುಬಿನ ಗೂಡಿನ ಸವಾರ ಬಂದ. ತಂಗಿ ಎಲೆಯನ್ನು ಮಗುಚಿಟ್ಟು ಅಕ್ಕನ ಪಕ್ಕ ಬಂದು ಕೂತಳು.

"ಅಕ್ಕ, ನಾನು ಏನು ಕೇಳ್ತಿದೀನಿ ಅಂತ ನಿಂಗೊತ್ತಾ?"

"ಗೊತ್ತಿಲ್ದೆ ಏನು? ನಿನ್ನ ಎತ್ತಿ ಆಡ್ಸಿದವಳು ನಾನು."

ತಂಗಿ ಬೆಚ್ಚಿದಳು. "ಅವ್ರೇನಾದ್ರೂ ಹೇಳಿದ್ರಾ?"

"ಯಾರೂ ಹೇಳ್ಬೇಕಾಗಿಲ್ಲ. ನಿನ್ನ ಮುಖ ನೋಡಿದ್ರೆ ಸಾಕು."

"ಭಯ ಆಗುತ್ತೆ ಅಕ್ಕ. ಒಂದ್ಸಲ ಹೂಂ ಅಂದ್ಮೇಲೆ ಹಿಂದಕ್ಕೆ ಬರೋಕಾಗಲ್ಲ. ಒಂದೇ ಒಂದು ಒಳ್ಳೇ ಎಲೆ ಬಂದಿದ್ರೆ ಧೈರ್ಯ ಮಾಡ್ತಿದ್ದೆ."

ಅಕ್ಕ ಅವಳ ಕೈ ಹಿಡಿದುಕೊಂಡಳು. ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುವುದಿಲ್ಲ. "ಬೇಡ ಅಂದ್ಬಿಡು. ನಿನ್ನ ಮೈ ನಿನ್ನದು. ಯಾರ ಮುಲಾಜಿಗೂ ಅದನ್ನ ಒಪ್ಪಿಸ್ಬೇಡ."

"ನಿಜವಾಗ್ಲೂ? ನಿಂಗೆ ಬೇಜಾರಾಗಲ್ವಾ?"

"ನಂಗ್ಯಾಕೆ ಬೇಜಾರು? ಹಾಲು ಕುಡಿದಷ್ಟು ಸಂತೋಷ. ಈಗ್ಲೇ ಫೋನ್ ಮಾಡಿ ಹೇಳು, ಪೀಡೆ ಕಳೀಲಿ."

ತಂಗಿ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನಿನ್ನಂಥ ಅಕ್ಕ ಯಾರಿಗೂ ಸಿಗಲ್ಲ," ಎಂದಳು. ಕಣ್ಣೊರೆಸಿಕೊಂಡು ಫೋನು ಹಿಡಿದು ಕಿಟಕಿಯ ಬಳಿ ನಿಂತಳು. ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದಳು. ಎಷ್ಟೋ ತಿಂಗಳಿಂದ ಬಾಯಲ್ಲಿ ಕೂತಿದ್ದ ತುಕ್ಕಿನ ರುಚಿ ಇವತ್ತು ಕಡಿಮೆಯಾದಂತಿತ್ತು. ಜಿಗಣೆಯ ಮುಖ ಹೇಗೆ ಜೋತುಬೀಳಬಹುದು ಎಂದು ನೆನೆದು ಅವಳು ಮನಸಾರೆ ನಕ್ಕಳು.

"ಡಾಕ್ಟ್ರೇ," ಎಂದಳು ತಂಗಿ ಫೋನಿಗೆ, "ಟೆಸ್ಟೆಲ್ಲಾ ಹೊಂದಿಕೆ ಆಗಿದೆ ಅಂತ ಹೇಳಿದ್ರಲ್ಲ, ಆದ್ರೂ ಅಕ್ಕನಿಗೆ ಕಿಡ್ನಿ ಕೊಡೋಕೆ ನನ್ನಿಂದ ಆಗಲ್ಲ, ಕ್ಷಮಿಸಿ, ಅವಳಿಗೂ ವಿಷ್ಯ ಗೊತ್ತಾಯ್ತು, ಅವಳೇ ಬೇಡ ಅಂದ್ಲು."