ನಡುವೆ ನಿಂತವನು

ಆಷಾಢದಲ್ಲಿ ತಾಲೀಮು, ಕಾರ್ತಿಕದಲ್ಲಿ ಪ್ರದರ್ಶನ ಎಂದು ನಿರ್ದೇಶಕ ಮೊದಲೇ ನಿಗದಿಪಡಿಸಿದ್ದ. ಅಳಿವಿನಂಚಿನ ಭಾಷೆಯೊಂದನ್ನು ಜನರಿಗೆ ಕೇಳಿಸುವ ನಾಟಕವದು. ಆ ಭಾಷೆಯನ್ನಾಡುವವರು ಉಳಿದದ್ದೇ ಇಬ್ಬರು: ಒಬ್ಬ ಅಜ್ಜಿ ಮತ್ತು ಅವಳ ಅಳಿಯ. ಅವರ ಸಂಭಾಷಣೆಯಿಲ್ಲದೆ ನಾಟಕವೇ ಇರಲಿಲ್ಲ. ಆದರೆ ಮೊದಲ ದಿನವೇ ಅಜ್ಜಿ ನಿರ್ದೇಶಕನ ಉತ್ಸಾಹಕ್ಕೆ ತಣ್ಣೀರೆರಚಿದಳು.

"ನಮ್ಮಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡಂಗಿಲ್ಲ ಮಗಾ. ನಾನು ಹೇಳಿದ್ದನ್ನ ನೀನು ಅವನಿಗೆ ಹೇಳು, ಅವನು ಹೇಳಿದ್ದನ್ನ ನನಗೆ ಹೇಳು."

"ನಿಮ್ಮ ಭಾಷೆ ನನಗೆ ಬರಲ್ವಲ್ಲ ಅಜ್ಜಿ!"

"ಬಾಯಿದೆಯಲ್ಲ, ಸಾಕು ಬಿಡು."

ಅಂದಿನಿಂದ ಅವನು ಇಬ್ಬರ ನಡುವೆ ನಿಂತು, ಅತ್ತೆಯ ಬೈಗುಳವನ್ನು ಅಳಿಯನಿಗೂ ಅಳಿಯನ ಕುಹಕವನ್ನು ಅತ್ತೆಗೂ ಒಪ್ಪಿಸತೊಡಗಿದ. ಮೊದಮೊದಲು ಗಿಳಿಯಂತೆ ಒಪ್ಪಿಸುತ್ತಿದ್ದವನು, ಬರಬರುತ್ತ ಅರ್ಥ ತಿಳಿದು ತನ್ನದೂ ಒಂದಿಷ್ಟು ಒಗ್ಗರಣೆ ಸೇರಿಸಲಾರಂಭಿಸಿದ.

ಪ್ರದರ್ಶನ ಮುಗಿದ ಮೇಲೆ ಅವನು ಪರದೆ ಸರಿಸಿ ನೋಡಿದರೆ, ಅತ್ತೆ ಅಳಿಯ ಎದುರುಬದುರು ಕುಳಿತು ಹರಟುತ್ತಿದ್ದರು! ಅವನ ಸಿಟ್ಟು ನೆತ್ತಿಗೇರಿತು. ತಾನು ಯಾವ ಭಾಷೆಯಲ್ಲಿ ಕೂಗಾಡುತ್ತಿದ್ದೇನೆಂಬ ಪರಿವೆಯೂ ಉಳಿಯಲಿಲ್ಲ.

"ಎಂಥ ಕಿಲಾಡಿ ಮುದುಕಿ ನೀನು! ಇಲ್ಲದ ಪದ್ಧತಿ ಹೇಳಿ ಇಷ್ಟು ದಿನ ನನ್ನನ್ನು ಗಾಣದೆತ್ತಿನ ಹಾಗೆ ತಿರುಗಿಸಿದೆಯಲ್ಲ!"

ಅಜ್ಜಿ ಅಳಿಯನತ್ತ ಕಣ್ಣು ಮಿಟುಕಿಸಿದಳು.

"ನೋಡಿದ್ಯಾ? ನಮ್ಮ ಮಾತು ಆಡೋರು ಈಗ ಮೂವರು."