ಮಂಜಿನ ಫೋಟೋ

ಬೀರಮ್ಮ ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಕಣ್ಣನ್ನು ಅಂಗೈಯಿಂದ ಮುಚ್ಚಿಬಿಟ್ಟಳು. "ಈ ಮಾಗಿ ಮಂಜ್ನ ಯಾರಾದ್ರೂ ಫೋಟೋ ಹಿಡೀತಾರಾ ಸಾಮಿ? ದಿನಾ ಸೋಲೂರು ಬಸ್ಸಲ್ಲಿ ಬಂದು ನಮ್ ತೋಟದ ಮುಂದೆ ನಿಂತ್ಕತೀರಲ್ಲ, ಏನ್ ಸಮಾಚಾರ?"

ಊರಿಗೂರೇ ರೇಷ್ಮೆಹುಳು ಮೇಯಿಸುತ್ತಿದ್ದ ಆ ವರ್ಷ ಹಿಪ್ಪುನೇರಳೆ ಸೊಪ್ಪಿಗೆ ಬಲು ಗಿರಾಕಿ. ನಾಲ್ಕು ದಿನದಿಂದ ಯಾರೋ ಅವಳ ತೋಟದ ಸೊಪ್ಪು ಕದಿಯುತ್ತಿದ್ದರು. ಮನೆಯಲ್ಲಿ ಹುಳುಗಳು ಹಸಿದಿದ್ದವು. ತೋಟ ಕಾಯುತ್ತಿದ್ದ ಮೈದುನ ನರಸಯ್ಯನೇ ಹೇಳಿದ್ದ, "ಅತ್ಗೆ, ಆ ಕ್ಯಾಮೆರಾದೋನ್ ಮ್ಯಾಲೆ ಒಸಿ ಕಣ್ಣಿಟ್ಟಿರು."

"ನೀವೇ ನೋಡಿ ತಾಯಿ," ಎಂದು ಫೋಟೋಗ್ರಾಫರ್ ಪಕ್ಕಕ್ಕೆ ಸರಿದ. ಬೀರಮ್ಮ ಕೈ ತೆಗೆದು, ಬಗ್ಗಿ, ಒಂದು ಕಣ್ಣು ಮುಚ್ಚಿ ಕ್ಯಾಮೆರಾದೊಳಗೆ ಇಣುಕಿದಳು. ತೋಟದ ಆ ತುದಿ ಮೂಗಿನ ಮುಂದೆಯೇ ಬಂದು ನಿಂತಿತು. ತೆಳುವಾಗುತ್ತಿದ್ದ ಮಂಜಿನಲ್ಲಿ ನರಸಯ್ಯ ಸೊಪ್ಪಿನ ಹೊರೆಯನ್ನು ಬೇಲಿಯಾಚೆ ಯಾರಿಗೋ ದಾಟಿಸುತ್ತಿದ್ದ.

ಅವಳು ಮೆಲ್ಲಗೆ ತಲೆಯೆತ್ತಿ ಜಾಗ ಬಿಟ್ಟಳು.

"ಈಗ ಹಿಡೀರಿ ಸಾಮಿ ಫೋಟೋ. ಮೊಕ ಚೆಂದಾಗಿ ಬೀಳ್ಲಿ."